ಎತ್ತಬಾರದ ರಿಂಗು

"ಕಾರ್ಡೋ ಬಿಲ್ಲೋ ಸರ್?" ಎಂದು ಮೊಬೈಲ್ ಕಂಪನಿಯ ಅಂಗಡಿಯಲ್ಲಿ ಮೇಜಿನಾಚೆಯ ಹುಡುಗಿ ಎರಡನೇ ಸಲ ಕೇಳಿದಾಗಲೂ ಲುತ್ಫಿಯ ಬಾಯಿಂದ ಮಾತು ಹೊರಡಲಿಲ್ಲ. ಮನೆಯಿಂದ ಹೊರಟಾಗ ಎಲ್ಲ ನಿಶ್ಚಯವಾಗಿತ್ತು. ಟ್ರಾಮಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗಲೂ ನಿಶ್ಚಯವಾಗಿಯೇ ಇತ್ತು. ಬಿಲ್ ಲೈನು, ಅಷ್ಟೆ, ಮಾತಾಡಿದ್ದಕ್ಕೆ ತಿಂಗಳ ಕೊನೆಗೆ ಬಿಲ್ ಕಟ್ಟಿದರಾಯಿತು. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಅಲೆಕ್ಸಾಂಡ್ರಿಯಾಕ್ಕೆ ಅಲೆಕ್ಸಾಂಡ್ರಿಯಾವೇ ಬಿಲ್ ಲೈನು ಹಾಕಿಸಿಕೊಂಡು ಸಮುದ್ರದ ದಂಡೆಯ ಮೇಲೆ ಕೈ ಬೀಸಿ ಬೀಸಿ ಮಾತಾಡುತ್ತಿರುವಾಗ ತಾನೊಬ್ಬ ಇನ್ನೂ ಗೂಡಂಗಡಿಯಲ್ಲಿ ಕಾರ್ಡು ಕೊಂಡು, ಉಗುರಿನಿಂದ ಕೆರೆದು, ಕನ್ನಡಕ ಹಣೆಗೇರಿಸಿ ಅಂಕಿ ಒತ್ತುತ್ತ ಕೂತಿರಬೇಕೆ? ಆದರೆ ಈ ತಣ್ಣನೆಯ ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕೂತದ್ದೇ ತಡ, ಆ ನಿಶ್ಚಯ ಕರಗಿಹೋಯಿತು. ಸಾಲದ್ದಕ್ಕೆ ಆ ಹುಡುಗಿ ಅವನ ಹಳೆಯ ವಿದ್ಯಾರ್ಥಿನಿ. ನಹ್ಲಾ ಅಂತೆ, ಭಿನ್ನರಾಶಿ ಕಲಿತದ್ದು ಅವನ ಹತ್ತಿರವಂತೆ. ಕಿವಿಯವರೆಗೆ ನಗುತ್ತ, "ಉತ್ತರ ಬರದೆ ಇದ್ರೆ ಎದ್ದು ನಿಂತ್ಕೋ ಅಂತಿದ್ರಿ ನೀವು. ನೆನಪಿದ್ಯಾ ಸರ್?" ಎಂದಳು. ಲುತ್ಫಿ ನಗಲು ನೋಡಿದ. ಹಿಂದೆ ಸರದಿಯಲ್ಲಿದ್ದ ಯಾರೋ ನಿಟ್ಟುಸಿರುಬಿಟ್ಟದ್ದು ಕೇಳಿಸಿ ಅವನ ಕತ್ತು ಬಿಸಿಯಾಯಿತು.

ದುಡ್ಡಿನ ಪ್ರಶ್ನೆಯಾಗಿದ್ದರೆ ಉತ್ತರ ಯಾವತ್ತೋ ಸಿಕ್ಕಿರುತ್ತಿತ್ತು. ಲೆಕ್ಕದ ಮೇಷ್ಟ್ರಿಗೆ ಅದೊಂದು ಲೆಕ್ಕವೇ? ಎರಡೂ ಹೆಚ್ಚುಕಡಿಮೆ ಒಂದೇ ಎಂದು ಅವನು ಮನೆಯಲ್ಲೇ ನೋಡಿಯಾಗಿತ್ತು. ಪ್ರಶ್ನೆ ಮಾನದ್ದು. ಹಾಗೆಂದು ಹೆಂಡತಿ ಅವಾತಿಫ್ ಹೇಳಿದ್ದಳು, ಅವನೂ ತಲೆಯಾಡಿಸಿದ್ದ. ಕಾರ್ಡ್ ಲೈನಿನವರ ಬದುಕೆಲ್ಲ ರಿಂಗಿನಲ್ಲೇ ನಡೆಯುತ್ತದೆ. ಒಂದು ರಿಂಗು ಕೊಟ್ಟು ಕತ್ತರಿಸಿದರೆ 'ಕೆಳಗೆ ಬಂದಿದ್ದೇನೆ, ಬಾಲ್ಕನಿಯಿಂದ ಹಗ್ಗದ ಬುಟ್ಟಿ ಇಳಿಸು' ಎಂದು. ಗೆಳೆಯನಿಗೆ ಕೊಟ್ಟರೆ 'ಕಾಫಿ ಅಂಗಡಿಗೆ ಬಂದೆ, ನೀನೆಲ್ಲಿ' ಎಂದು. ಏನೂ ಕೆಲಸವಿಲ್ಲದೆ ಕೊಟ್ಟರೆ 'ನೆನಪಾಯಿತು' ಎಂದು. ಹಾಗೆ ಬಂದ ರಿಂಗನ್ನು ಮಾತ್ರ ಎತ್ತಬಾರದು. ಎತ್ತಿದರೆ ಕೊಟ್ಟವನ ಕಾರ್ಡು ಕರಗುತ್ತದೆ. ರಿಂಗ್ ಎತ್ತುವವನೂ ಒಂದೇ, ಮಲಗಿದವನ ಜೇಬಿಗೆ ಕೈ ಹಾಕುವವನೂ ಒಂದೇ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಲುತ್ಫಿ ಈ ಶಾಸ್ತ್ರದಲ್ಲಿ ಪಳಗಿದವನು. ಆದರೆ ಪಳಗಿದವನೇ ಕಾಲು ಜಾರಿದ್ದು. ಮಗಳು ರಿಹಾಮಳನ್ನು ತಮ್ಮ ಮಗನಿಗೆ ಕೇಳಿಕೊಂಡು ಬಂದಿದ್ದ ಟೈಲ್ಸ್ ವ್ಯಾಪಾರಿ ಹಾಜಿ ಬದವಿಯವರಿಗೆ ಹೋದ ಶುಕ್ರವಾರ, ಎಷ್ಟು ಹೊತ್ತಿಗೆ ಬರೋಣ ಎಂದು ಕೇಳಬೇಕಾಗಿದ್ದು, ಕೈ ಅಭ್ಯಾಸಬಲದಿಂದ ಒಂದು ರಿಂಗು ಕೊಟ್ಟು ಕತ್ತರಿಸಿಬಿಟ್ಟಿತು. ತಕ್ಷಣ ಅವರೇ ಮಾಡಿದರು. ಸ್ಪೀಕರಿನಲ್ಲಿಟ್ಟು ಮಾಡಿದರು. "ಹೇಳಿ ಉಸ್ತಾದ್, ಆರಾಮಾಗಿ ಹೇಳಿ! ನಮ್ಮದು ಬಿಲ್ ಲೈನು. ನೀವು ಒಂದು ರಿಂಗ್ ಒಗೆದ್ರೆ ಸಾಕು, ಮಿಕ್ಕಿದ್ದೆಲ್ಲ ನಮ್ಮ ಲೆಕ್ಕಕ್ಕೆ!" ಹಿಂದೆ ನಾಲ್ಕಾರು ಗಂಡಸರು ನಕ್ಕದ್ದು ಈ ತುದಿಗೆ ಸ್ವಚ್ಛವಾಗಿ ಕೇಳಿಸಿತು. ಅಡುಗೆಮನೆಯಲ್ಲಿದ್ದ ಅವಾತಿಫಳಿಗೂ ಕೇಳಿಸಿತು. "ಬೀಗರಾಗೋರಿಗೆ ಯಾರಾದ್ರೂ ರಿಂಗ್ ಕೊಡ್ತಾರೇನ್ರೀ? ಥೂ, ನನ್ನ ಮಾನ ಮೂರು ಕಾಸಿಗೆ ಹೋಯ್ತು. ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡೋದ್ರೊಳಗೆ ಬಿಲ್ ಲೈನ್ ಹಾಕಿಸ್ಕೊಂಡು ಬನ್ನಿ, ಇಲ್ದಿದ್ರೆ ನಾನೇ ಹೋಗ್ತೀನಿ," ಎಂದಳು. ರಿಹಾಮ್ ಅಪ್ಪನ ಮುಂದೆ ಚಹಾ ಇಟ್ಟು, ಅವನ ಮುಖ ನೋಡದೆ ಹೋದಳು. ಅದು ಅವನಿಗೆ ಹೆಂಡತಿಯ ಮಾತಿಗಿಂತ ಹೆಚ್ಚು ಚುಚ್ಚಿತು.

"ಬಿಲ್ಲೇ ಅಂತ ಬರ್ಕೊಳ್ಲಾ ಸರ್?" ಎಂದಳು ನಹ್ಲಾ. "ಸ್ವಲ್ಪ ತಡಿಯಮ್ಮ," ಎಂದ ಲುತ್ಫಿ. ತಡೆಯುವುದು ಯಾತಕ್ಕೆ ಎಂದು ಅವಳು ಕೇಳಿದ್ದರೆ ಏನು ಹೇಳಬೇಕಿತ್ತು? ದಮನ್‌ಹೂರಿನಲ್ಲಿ ನನಗೊಬ್ಬ ಅಕ್ಕ ಇದ್ದಾಳೆ, ಅವಳ ಹೆಸರು ಸನಿಯ್ಯಾ, ನಾವು ಮಾತು ಬಿಟ್ಟು ನಾಲ್ಕು ವರ್ಷವಾಯಿತು ಎನ್ನುವುದೇ? ಮಾತು ಬಿಟ್ಟಿದ್ದರೂ ದಿನವೂ ಸಂಜೆ ಮಸೀದಿಯ ಬಾಂಗು ಮುಗಿಯುತ್ತಿದ್ದಂತೆ ಅವಳಿಂದ ಒಂದು ರಿಂಗು ಬರುತ್ತದೆ, ನಾನೊಂದು ರಿಂಗು ತಿರುಗಿ ಕೊಡುತ್ತೇನೆ, ಅಷ್ಟರಲ್ಲೇ ಅಕ್ಕ ತಮ್ಮಂದಿರ ಸಂಬಂಧ ಉಸಿರಾಡುತ್ತಿದೆ ಎನ್ನುವುದೇ? ಕಾರ್ಡ್ ಲೈನಿನ ಬಡತನ ಅವರಿಬ್ಬರಿಗೂ ಒಂದು ಮರ್ಯಾದೆಯ ಪರದೆಯಾಗಿತ್ತು. ಕಾರ್ಡಿನವರು ಮಾತಾಡದೆ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಿಲ್ ಲೈನು ಬಂದಮೇಲೆ? ಬಿಲ್ ಲೈನಿನವನು ರಿಂಗು ಕೊಟ್ಟು ಕತ್ತರಿಸಿದರೆ ಅದಕ್ಕೆ ಒಂದೇ ಅರ್ಥ: ನಿನ್ನ ಜೊತೆ ಮಾತು ಬೇಕಿಲ್ಲ. ಇವತ್ತೋ ನಾಳೆಯೋ ಅವಾತಿಫ್ ಊರಿಗೆಲ್ಲ ಸಾರುತ್ತಾಳೆ, ಸುದ್ದಿ ದಮನ್‌ಹೂರಿಗೆ ಮುಟ್ಟುತ್ತದೆ. ಆಮೇಲೆ ಒಂದೋ ಬಾಯಿ ಬಿಡಬೇಕು, ಇಲ್ಲವೋ ಇದ್ದ ಆ ಒಂದು ರಿಂಗನ್ನೂ ಕಳೆದುಕೊಳ್ಳಬೇಕು. ಕಳೆದುಕೊಂಡರೆ ಅವನಿಗೆ ಹುಟ್ಟಿದ ಮನೆಯವರೆಂದು ಯಾರೂ ಉಳಿಯುವುದಿಲ್ಲ.

ಅದು ನಾಲ್ಕು ವರ್ಷದ ಹಿಂದಿನ ರಂಜಾನಿನ ಒಂದು ಸಂಜೆ. ಮೇಜಿನ ಮೇಲೆ ಬೇಳೆ ಸಾರು ಹೊಗೆಯಾಡುತ್ತಿತ್ತು, ರೇಡಿಯೋದಲ್ಲಿ ಇನ್ನೇನು ಬಾಂಗು ಕೂಗಬೇಕು, ಆಗ ಅಕ್ಕನ ರಿಂಗು ಬಂತು. ರಂಜಾನಿನಲ್ಲಿ ಅದೇ ವಾಡಿಕೆ, ಉಪವಾಸ ಬಿಡುವ ಹೊತ್ತಿಗೆ ಬಂಧುಗಳೆಲ್ಲ ಒಬ್ಬರಿಗೊಬ್ಬರು ರಿಂಗು ಎರಚಾಡುತ್ತಾರೆ, 'ಒಳ್ಳೆಯದಾಗಲಿ' ಎಂದು. ಅವನು ಅದನ್ನು ಎತ್ತದೆ ಕತ್ತರಿಸಿ, ಒಂದು ತಿರುಗಿ ಕೊಟ್ಟು, ಅವಳು ಎತ್ತುವ ಮೊದಲೇ ನಿಲ್ಲಿಸಿದ. ಮತ್ತೊಂದು ಬಂತು. "ಅತ್ತೆ ಆಟ ಆಡ್ತಿದ್ದಾರೆ!" ಎಂದು ರಿಹಾಮ್ ಚಪ್ಪಾಳೆ ತಟ್ಟಿದಳು. ಅವನು ಮತ್ತೊಂದು ಕೊಟ್ಟ. ಮೂರನೆಯದು ಬರುವಷ್ಟರಲ್ಲಿ ಬಾಂಗು ಆಗಿ ಅವನ ಬಾಯಲ್ಲಿ ಖರ್ಜೂರವಿತ್ತು, ನಗುತ್ತ ನಗುತ್ತಲೇ ಎಡಗೈಯಿಂದ ಅದಕ್ಕೂ ಉತ್ತರ ಕೊಟ್ಟ. ಅತ್ತ ದಮನ್‌ಹೂರಿನಲ್ಲಿ ಅಮ್ಮ ಒಲೆಯ ಮುಂದೆ ನಿಂತವಳು ನಿಂತಹಾಗೇ ಕುಸಿದಿದ್ದಳು. ಸನಿಯ್ಯಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇದ್ದ ಚೂರುಪಾರು ಕಾರ್ಡಿನಲ್ಲಿ ಡಾಕ್ಟರಿಗೆ ಹೇಳಿಯಾಗಿತ್ತು. ಉಳಿದದ್ದು ತಮ್ಮನಿಗೆ ಒಂದು ಮಾತು ಹೇಳಲು ಸಾಲುವಷ್ಟು ಮಾತ್ರ. ಹೊಸ ಕಾರ್ಡು ತರೋಣವೆಂದರೆ ಆ ಗಳಿಗೆಯಲ್ಲಿ ಊರಿನ ಒಂದು ಅಂಗಡಿಯೂ ತೆರೆದಿರುವುದಿಲ್ಲ, ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ. ಎತ್ತಿದ್ದರೆ ಸಾಕಿತ್ತು. 'ಅಮ್ಮ' ಎಂದು ಒಂದು ಶಬ್ದ ಕೇಳಿಸಿದ್ದರೆ ಅವನೇ ತಿರುಗಿ ಮಾಡುತ್ತಿದ್ದ, ಅಮ್ಮನ ಕಿವಿಗೆ ಅವನ ದನಿ ಬೀಳುತ್ತಿತ್ತು. ರೈಲು ಹತ್ತಿ ಹೋಗಿದ್ದರೆ ಮುಟ್ಟುತ್ತಿದ್ದನೋ ಇಲ್ಲವೋ, ಅದು ದೇವರಿಗೇ ಗೊತ್ತು. ದನಿಯಾದರೂ ಮುಟ್ಟುತ್ತಿತ್ತಲ್ಲ. ಅಕ್ಕನ ಬೀದಿಯ ಔಷಧಿ ಅಂಗಡಿಯವನು ಫೋನು ಮಾಡಿ ಅಮ್ಮ ಹೋದ ಸುದ್ದಿ ಹೇಳುವಾಗ ಅವರು ಸಿಹಿ ತಿನ್ನುತ್ತ ಟಿವಿ ನೋಡುತ್ತಿದ್ದರು.

ಮಣ್ಣು ಮಾಡಿ ಬಂದಮೇಲೆ, ಮೆಟ್ಟಿಲ ಬುಡದಲ್ಲಿ, ಹೆಂಗಸರೆಲ್ಲರ ನಡುವೆ ಕೂತಿದ್ದ ಸನಿಯ್ಯಾ ತಲೆಯೆತ್ತಿ, "ನಾನು ಕರೆದೆ. ನೀನು ರಿಂಗ್ ಕೊಟ್ಟೆ," ಎಂದಳು. ಜೋರಾಗಿಯೂ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅವನು ಅವಳ ಕಾಲು ಹಿಡಿಯುತ್ತಿದ್ದ. ಆದರೆ ಅವನ ಬಾಯಿಂದ ಬಂದದ್ದು, "ನನಗೆ ಹೇಗೆ ಗೊತ್ತಾಗ್ಬೇಕು?" ಎಂಬ ಮಾತು. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗಿಯರು ಆಡುವ ಮಾತು. ಸುತ್ತಲಿನ ಹೆಂಗಸರು ಅವನನ್ನು ನೋಡಿದ ನೋಟ ಇವತ್ತಿಗೂ ಊಟದ ನಡುವೆ, ತರಗತಿಯ ನಡುವೆ ನೆನಪಾಗಿ ಮೈ ಹಿಡಿಯಾಗುತ್ತದೆ. ಅಮ್ಮನ ಸಾವಿನ ನಲವತ್ತನೆಯ ದಿನಕ್ಕೆ ಹೋದಾಗ ಅಕ್ಕ ಅವನಿಗೆ ಕಾಫಿಯನ್ನು ಪಕ್ಕದ ಮನೆಯವಳ ಕೈಯಲ್ಲಿ ಕಳಿಸಿದಳು. ಅವನು ಕುಡಿದು, ಬಟ್ಟಲು ಬೋರಲಿಟ್ಟು ಬಂದ. ಆಮೇಲೆ ಹೋಗಲಿಲ್ಲ. ವರ್ಷ ತಿರುಗಿ ಮತ್ತೆ ರಂಜಾನ್ ಬಂತು. ಅದೇ ಹೊತ್ತು, ಅದೇ ಬೇಳೆ ಸಾರು, ಮೇಜಿನ ಮೇಲೆ ಫೋನು ಒಂದು ಸಲ ಮಿಡುಕಿ ನಿಂತಿತು. ಅಕ್ಕನ ನಂಬರು. ಅವನ ಕೈಯಿಂದ ಚಮಚ ಬಿತ್ತು. ಯಾರೂ ನಗಲಿಲ್ಲ. ಸಾರು ತಣ್ಣಗಾದಮೇಲೆ ಒಂದು ರಿಂಗು ತಿರುಗಿ ಕೊಟ್ಟ. ಮರುದಿನವೂ ಬಂತು. ರಂಜಾನ್ ಮುಗಿದಮೇಲೂ ಬರುತ್ತಲೇ ಇತ್ತು.

ಅದು ಏನು ಹೇಳುತ್ತದೆ ಎಂದು ಅವನಿಗೆ ಇವತ್ತಿನವರೆಗೆ ತಿಳಿದಿಲ್ಲ. 'ಇದ್ದೇನೆ' ಎಂದೇ? 'ಮರೆತಿಲ್ಲ' ಎಂದೇ? ಮರೆತಿಲ್ಲ ಎಂದಾದರೆ ಯಾವುದನ್ನು ಮರೆತಿಲ್ಲ, ತಮ್ಮನನ್ನೋ ತಮ್ಮ ಮಾಡಿದ್ದನ್ನೋ? ಕೆಲವು ಸಂಜೆ ಆ ರಿಂಗು ಅವನಿಗೆ ತಲೆ ಸವರಿದ ಹಾಗೆ ಕೇಳಿಸುತ್ತದೆ, ಕೆಲವು ಸಂಜೆ ಬಾಗಿಲಿಗೆ ಬಂದು 'ಕೊಲೆಗಾರ' ಎಂದು ಕೂಗಿ ಓಡಿದ ಹಾಗೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ಇರುವುದೇ ಅವನಿಗೆ ಒಗ್ಗಿಹೋಗಿತ್ತು. ತಿಳಿಯದೆ ಇದ್ದಷ್ಟು ದಿನ ಒಳ್ಳೆಯ ಅರ್ಥಕ್ಕೂ ಜಾಗವಿರುತ್ತದೆ. ಲೆಕ್ಕದ ಮೇಷ್ಟ್ರಾಗಿ ತಾನು ಉತ್ತರ ಬೇಡವೆನ್ನುವ ಲೆಕ್ಕವನ್ನು ಬಗಲಲ್ಲಿಟ್ಟುಕೊಂಡು ತಿರುಗುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಮತ್ತು ಆ ನಾಚಿಕೆಯ ಅಡಿಯಲ್ಲಿ ಶುದ್ಧ ಹೆದರಿಕೆ ಇತ್ತು.

"ನಂಬರು ಇದೇ ಇರುತ್ತಾ?" ಎಂದು ಕೇಳಿದ. "ಇದೇ ಇರುತ್ತೆ ಸರ್, ಲೈನ್ ಮಾತ್ರ ಬದಲಾಗುತ್ತೆ." "ಯಾರಾದ್ರೂ ರಿಂಗ್ ಕೊಟ್ರೆ?" "ಬರುತ್ತೆ. ಯಾಕೆ ಬರಲ್ಲ?" ನಹ್ಲಾ ಈಗ ಅವನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದಳು; ನೋಡಿ, ಅಂಗಡಿಯ ದನಿ ಬಿಟ್ಟು ಮನೆಯ ದನಿಯಲ್ಲಿ, "ಸರ್, ಬೇಡ ಅನ್ನಿಸಿದ್ರೆ ಬಿಡಿ. ನಮ್ಮಪ್ಪನೂ ಕಾರ್ಡೇ ಇಟ್ಕೊಂಡಿರೋದು. ಬಿಲ್ ಇದ್ರೆ ಮಾತು ಜಾಸ್ತಿ ಆಗುತ್ತೆ, ಮಾತು ಜಾಸ್ತಿ ಆದ್ರೆ ಜಗಳ ಜಾಸ್ತಿ ಆಗುತ್ತೆ ಅಂತಾರೆ," ಎಂದಳು. ಲುತ್ಫಿಗೆ ಆ ಕಾಣದ ಅಪ್ಪನ ಮೇಲೆ ಮಮತೆ ಉಕ್ಕಿತು. ಎದ್ದುಬಿಡೋಣ, ಹೆಂಡತಿಗೆ ಅಂಗಡಿ ಮುಚ್ಚಿತ್ತು ಎಂದರಾಯಿತು ಎಂದುಕೊಂಡ. ಅಷ್ಟರಲ್ಲಿ ಹಾಜಿ ಬದವಿಯವರ ಅಂಗಡಿಯ ನಗೆ ಕಿವಿಯಲ್ಲಿ ಎದ್ದಿತು, ರಿಹಾಮಳ ತಗ್ಗಿದ ಮುಖ ಕಾಣಿಸಿತು. "ಬಿಲ್ಲೇ ಮಾಡು," ಎಂದ. ಎಂದಮೇಲೆ ತಾನು ಎಂದದ್ದು ಗೊತ್ತಾಯಿತು.

ನಹ್ಲಾ ಸರಸರ ಕೀಲಿಗಳನ್ನು ಬಡಿದಳು. ಗುರುತಿನ ಚೀಟಿ ತೆಗೆದುಕೊಂಡಳು, ಇಲ್ಲಿ ಸಹಿ, ಇಲ್ಲೊಂದು ಸಹಿ ಎಂದಳು. "ಈ ಪ್ಲಾನಲ್ಲಿ ಒಂದು ಪ್ರೀತಿಯ ನಂಬರು ಬರುತ್ತೆ ಸರ್. ಒಂದು ನಂಬರಿಗೆ ಎಷ್ಟು ಬೇಕಾದ್ರೂ ಮಾತಾಡ್ಬಹುದು, ಪುಕ್ಕಟೆ. ಮೇಡಂ ನಂಬರ್ ಹಾಕ್ಲಾ?" ಅವಾತಿಫಳ ನಂಬರನ್ನು ಹೇಳಲೆಂದೇ ಬಾಯಿ ತೆರೆದ. ಹೊರಬಿದ್ದದ್ದು ಸನಿಯ್ಯಾಳ ನಂಬರು, ಒಂದು ಅಂಕಿಯೂ ತಡವರಿಸದೆ. "ಮೇಡಂದಾ?" "ಅಲ್ಲ. ಅಕ್ಕಂದು." "ಅಯ್ಯೋ ಎಷ್ಟು ಚೆನ್ನಾಗಿದೆ! ನನ್ನ ತಮ್ಮ ನನ್ನ ನಂಬರ್ ಡಿಲೀಟ್ ಮಾಡಿದ್ದಾನೆ, ಕತ್ತೆ. ದಿನಾ ಮಾತಾಡ್ತೀರಾ ಸರ್ ಅವರ ಜೊತೆ?" "ದಿನಾ," ಎಂದ ಲುತ್ಫಿ. ಅದು ಸುಳ್ಳಾಯಿತೋ ನಿಜವಾಯಿತೋ ಎಂದು ಬೀದಿಗಿಳಿದ ಮೇಲೂ ಯೋಚಿಸುತ್ತಿದ್ದ. ಟ್ರಾಮು ಹತ್ತಲಿಲ್ಲ. ಸಮುದ್ರದ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು, ಜೋಳದ ತೆನೆ ಸುಡುವವಳು ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತ ಗಂಡನನ್ನೋ ಮಗನನ್ನೋ ಶಪಿಸುತ್ತಿದ್ದಳು. ಕಾರ್ಡು ಮಾರುವ ಗೂಡಂಗಡಿಯವನು ಎಂದಿನಂತೆ, "ಏನ್ ಮೇಷ್ಟ್ರೇ, ಒಂದ್ ಕಾರ್ಡ್ ಕೊಡ್ಲಾ?" ಎಂದು ಕೂಗಿದ. ಲುತ್ಫಿ ಕೈಯಾಡಿಸಿ, ಬೇರೆ ಅಂಗಡಿಯಲ್ಲಿ ಕೊಂಡವನ ಹಾಗೆ ತಲೆ ತಗ್ಗಿಸಿ ಹೋದ.

ಮನೆಗೆ ಬರುವಾಗ ಹೊತ್ತು ಇಳಿದಿತ್ತು. "ಆಯ್ತಾ?" ಎಂದಳು ಅವಾತಿಫ್. "ಆಯ್ತು." "ಹಾಗಾದ್ರೆ ಈಗ್ಲೇ ಹಾಜಿಯವರಿಗೆ ಮಾಡಿ. ಉದ್ದಕ್ಕೆ ಮಾತಾಡಿ. ಹವಾಮಾನ ಮಾತಾಡಿ, ಟೈಲ್ಸ್ ರೇಟ್ ಮಾತಾಡಿ, ಅವರೇ ಸಾಕು ಅನ್ಬೇಕು." "ಮಾಡೋಣ," ಎಂದು ಅವನು ಬಾಲ್ಕನಿಗೆ ಹೋಗಿ ಕೂತ. ಕೆಳಗೆ ಯಾರದೋ ಬುಟ್ಟಿ ರೊಟ್ಟಿ ಹೊತ್ತು ಮೇಲೇರುತ್ತಿತ್ತು. ಮಸೀದಿಯಲ್ಲಿ ಬಾಂಗು ಶುರುವಾಯಿತು, ಅದು ಮುಗಿಯುವ ಮುನ್ನ ಇನ್ನೊಂದು ಮಸೀದಿಯಲ್ಲಿ, ಮತ್ತೊಂದರಲ್ಲಿ. ತಾನೇ ಮೊದಲು ಮಾಡಲೇ? ಮಾಡಿ ಏನೆನ್ನಬೇಕು? ಹೇಗಿದ್ದೀಯ ಎನ್ನಲೇ? ಮಾತು ಬಿಟ್ಟು ನಾಲ್ಕು ವರ್ಷದ ಮೇಲೆ ಹೇಗಿದ್ದೀಯ ಎಂದರೆ ಅದೂ ಒಂದು ಬೈಗುಳವೇ. ರಿಹಾಮಳ ಸಂಬಂಧದ ಸುದ್ದಿ ಹೇಳಲೇ? ಎಲ್ಲ ನಿಶ್ಚಯವಾದಮೇಲೆ ಹೇಳುತ್ತಿದ್ದೀಯಲ್ಲ ಎಂದರೆ? ಕ್ಷಮಿಸು ಎನ್ನಲೇ? ಆ ಶಬ್ದವನ್ನು ಅವನು ಬಾಯಲ್ಲಿ ಒಂದು ಸಲ ಹೊರಳಿಸಿ ನೋಡಿದ. ಹುರಿಯದ ಕಾಳಿನಂತೆ ಹಲ್ಲಿಗೆ ಸಿಕ್ಕಿತು. ನಾಳೆ ಮಾಡಿದರಾಯಿತು, ಇವತ್ತು ಎಂದಿನ ಹಾಗೆ ನಡೆದುಹೋಗಲಿ ಎಂದು ತೀರ್ಮಾನಿಸಿ ಸಮಾಧಾನಗೊಂಡ. ತನ್ನ ಸಮಾಧಾನ ಕಂಡು ಅವನಿಗೆ ಅಸಹ್ಯವಾಯಿತು. ಆಗ ಫೋನು ಕೈಯಲ್ಲಿ ಮಿಡುಕಿತು.

ಎತ್ತಬೇಕೆಂದು ಎತ್ತಿದನೋ, ಬೆರಳು ತಾನಾಗಿ ಹಸಿರು ಗುಂಡಿಗೆ ತಾಗಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೇಳಲಾಗಲಿಲ್ಲ. ಫೋನು ಕಿವಿಯಲ್ಲಿತ್ತು. ಆ ಕಡೆ ಒಂದು ಉಸಿರು. ಅದರ ಹಿಂದೆ ಅಮ್ಮನ ಮನೆಯ ಗೋಡೆ ಗಡಿಯಾರದ ಸದ್ದು, ಬೀದಿಯ ಗಾಡಿಯವನ ಕೂಗು. ಅವಳು ಕತ್ತರಿಸಲಿಲ್ಲ. ಅಕ್ಕನ ಕಾರ್ಡು ಕರಗುತ್ತಿದೆ ಎನ್ನುವುದೊಂದೇ ತಲೆಗೆ ಹೊಳೆದದ್ದು. ವರ್ಷಗಳಿಂದ ಮೈಗೂಡಿದ ಮರ್ಯಾದೆ ಅದು, ಬೇರೆ ಯಾವ ಮಾತಿಗೂ ಮುಂಚೆ ಅದೇ ಬಾಯಿಗೆ ಬಂತು.

"ಕಟ್ ಮಾಡಕ್ಕಾ, ಕಟ್ ಮಾಡು. ತಪ್ಪಿ ಎತ್ಬಿಟ್ಟೆ. ನಿನ್ನ ದುಡ್ಡು ಹೋಗುತ್ತೆ. ನಾನೇ ತಿರುಗಿ ಮಾಡ್ತೀನಿ, ನಂದೀಗ ಬಿಲ್ ಲೈನು..."

"ಕಟ್ ಮಾಡ್ಬೇಡ್ವೋ." ದನಿ ಸಣ್ಣಗಾಗಿತ್ತು, ಮುದಿಯಾಗಿತ್ತು, ಆದರೂ ಅದೇ ದನಿ. "ಹೋಗ್ಲಿ ಬಿಡು ದುಡ್ಡು."

"ಅಲ್ಲ ಅಕ್ಕಾ, ಕಾರ್ಡು..."

"ಕಾರ್ಡಿದೆ. ಅವತ್ತಿಂದ ನಾನು ಕಾರ್ಡು ಖಾಲಿ ಬಿಟ್ಟೇ ಇಲ್ಲ ಕಣೋ. ತುಂಬಿಸಿಟ್ಕೊಂಡೇ ದಿನಾ ರಿಂಗ್ ಕೊಡ್ತಿದ್ದೆ."

"ಯಾಕೆ?" ಎಂದ.

"ಯಾಕೆ ಅಂದ್ರೆ? ಇವತ್ತಾದ್ರೂ ಎತ್ತುತ್ತಾನೇನೋ ಅಂತ. ಒಂದು ಸಲ ಆದ್ರೂ ಎತ್ತಿದ್ಯೇನೋ, ಬಡ್ಡೀಮಗನೇ? ನಾನು ಬಾರಿಸಿದ್ದಕ್ಕೆ ನೀನೂ ಬಾರಿಸ್ತಿದ್ದೆ, ಅಷ್ಟೇ."

ಲುತ್ಫಿ ಬಾಲ್ಕನಿಯ ಕಂಬಿ ಹಿಡಿದುಕೊಂಡ. ಎತ್ತಬಹುದಿತ್ತು. ನಿನ್ನೆ ಎತ್ತಬಹುದಿತ್ತು, ಹೋದ ವರ್ಷ ಎತ್ತಬಹುದಿತ್ತು, ಚಮಚ ಬಿದ್ದ ಆ ಸಂಜೆಯೇ ಎತ್ತಬಹುದಿತ್ತು. ಅದಕ್ಕೆ ಬಿಲ್ಲೂ ಬೇಕಿರಲಿಲ್ಲ, ಸಹಿಯೂ ಬೇಕಿರಲಿಲ್ಲ. ಅವಳ ದುಡ್ಡು ಉಳಿಸುತ್ತಿದ್ದೇನೆ ಎಂದುಕೊಂಡು ಅವನು ಇಷ್ಟು ವರ್ಷ ಮತ್ತೆ ಮತ್ತೆ ಅದೇ ತಪ್ಪನ್ನು ಮಾಡುತ್ತ ಬಂದಿದ್ದ, ಅವಳು ಮತ್ತೆ ಮತ್ತೆ ಕರೆಯುತ್ತ ಬಂದಿದ್ದಳು. ಅಳು ಬಂತು. ತಡೆದುಕೊಳ್ಳಲಿಲ್ಲ. ಒಳಗಿನಿಂದ ಅವಾತಿಫ್, "ಹಾಜಿಯವರಾ?" ಎಂದು ಕೇಳುತ್ತ ಬಂದವಳು ಅವನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಅಳೋದನ್ನ ಆಮೇಲೆ ಅಳು," ಎಂದಳು ಸನಿಯ್ಯಾ. ಅವಳ ದನಿಯೂ ಒಡೆದಿತ್ತು. "ಮಾತಾಡೋ ಲುತ್ಫಿ. ಕಾರ್ಡು ಓಡ್ತಾ ಇದೆ."

ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ಉಳಿದದ್ದು ಒಂದೇ ಮಾತು. ಅದನ್ನು ಕೇಳಿದ. "ಅಮ್ಮ ಕೊನೆಗೆ ಏನಂದ್ಲು ಅಕ್ಕಾ?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಸನಿಯ್ಯಾ ಕೂತಳು, ಮೂಗು ಒರೆಸಿಕೊಂಡಳು, ಹೇಳತೊಡಗಿದಳು.